ಕ್ಯಾಮೆರಾ ಬ್ಯಾಗು ದಾರಿಗೆ ಬೇಕು, ಮನೆಯಲ್ಲಿ ಬೇಡ

ದಸರಾ ಹತ್ತಿರ ಬಂತೆಂದರೆ ಮೈಸೂರಿನ ಕ್ಯಾಮೆರಾ ಅಂಗಡಿಗಳಲ್ಲಿ ಸುತ್ತಲಿನ ತಾಲ್ಲೂಕುಗಳ ಹುಡುಗರು ಕಾಣಿಸುತ್ತಾರೆ. ಹುಣಸೂರು, ನಂಜನಗೂಡು, ತಿ. ನರಸೀಪುರ, ಎಚ್.ಡಿ. ಕೋಟೆ ಕಡೆಯವರು. ಕೆಲವರು ಮದುವೆ ಫೋಟೊ ತೆಗೆಯುವವರು, ಕೆಲವರು ಪತ್ರಿಕೆಗೆ ಸುದ್ದಿ, ಚಿತ್ರ ಕಳಿಸುವವರು. ಕ್ಯಾಮೆರಾಗೆ ಒಂದು ಗಂಟೆ ಚೌಕಾಶಿ ನಡೆಯುತ್ತದೆ. ಬ್ಯಾಗಿನ ಮಾತು ಬಂದಾಗ ಮಾತ್ರ, "ಜೊತೆಗೆ ಯಾವುದು ಫ್ರೀ ಕೊಡ್ತೀರಣ್ಣ?" ಅಂತ ಕೇಳಿ ಮುಗಿಸಿಬಿಡುತ್ತಾರೆ.

ಇದು ತಪ್ಪು ಲೆಕ್ಕ ಎನ್ನುವುದು ನನ್ನ ಅಭಿಪ್ರಾಯ. ಹಳ್ಳಿಯಲ್ಲಿ ಕ್ಯಾಮೆರಾ ಶೋಕಿಯ ವಸ್ತುವಲ್ಲ. ಸಂಘದ ಸಾಲವೋ, ಅಮ್ಮನ ಓಲೆಯೋ, ಒಂದು ಬೆಳೆಯ ದುಡ್ಡೋ ಅದರೊಳಗಿರುತ್ತದೆ. ಅದು ಕೆಟ್ಟು ಕೂತರೆ ಆ ತಿಂಗಳ ಮದುವೆಗಳು ಬೇರೆಯವರ ಪಾಲು, ಕಂತು ಮಾತ್ರ ನಿಮ್ಮ ಪಾಲು. 40 ಸಾವಿರದ ಕ್ಯಾಮೆರಾಗೆ 2 ಸಾವಿರದ ಬ್ಯಾಗು ದುಬಾರಿಯಲ್ಲ. ಆದರೆ ದುಡ್ಡು ಕೊಟ್ಟ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಬ್ಯಾಗು ದಾರಿಯ ಸಾಮಾನು. ದಾರಿಯಲ್ಲಿ ಕಾಪಾಡುವ ಅದೇ ಬ್ಯಾಗು ಮನೆಯಲ್ಲಿ ಕ್ಯಾಮೆರಾವನ್ನು ಹಾಳು ಮಾಡಬಹುದು.

ಮೊದಲು ದಾರಿಯ ವಿಷಯ. ಬ್ಯಾಗನ್ನು ಅಂಗಡಿಯ ಕನ್ನಡಿ ನೋಡಿ ಆರಿಸಬೇಡಿ. ನಿಮ್ಮ ಕೆಲಸದ ಅತಿ ಕೆಟ್ಟ ದಿನವನ್ನು ನೆನೆದು ಆರಿಸಿ. ಮೈಸೂರು ಸೀಮೆಯಲ್ಲಿ ಸೆಪ್ಟೆಂಬರ್, ಅಕ್ಟೋಬರ್ ಮಳೆ ಜೋರು. ದಸರಾ ಬರುವುದೂ ಅದೇ ಹೊತ್ತಿಗೆ. ಅರಮನೆಯಿಂದ ಬನ್ನಿಮಂಟಪದವರೆಗೆ ಸುಮಾರು 5 ಕಿಲೋಮೀಟರ್ ಜಂಬೂಸವಾರಿಯ ಜನಜಂಗುಳಿಯಲ್ಲಿ ಮಳೆ ಬಿದ್ದರೆ ಓಡಿಹೋಗಿ ನಿಲ್ಲಲು ಜಾಗವಿರುವುದಿಲ್ಲ. 2018 ಮತ್ತು 2019ರ ಆಗಸ್ಟ್‌ನಲ್ಲಿ ಕಪಿಲೆ ಉಕ್ಕಿ ನಂಜನಗೂಡಿನ ತಗ್ಗು ಜಾಗಗಳಿಗೆ ನೀರು ನುಗ್ಗಿದಾಗ, ಚಿತ್ರ ಬೇಕಿದ್ದವರು ನೀರಿನ ಹತ್ತಿರವೇ ನಿಲ್ಲಬೇಕಿತ್ತು. ಸುತ್ತೂರು ಜಾತ್ರೆಯಂಥ ಕಡೆ ಮಳೆಯಲ್ಲ, ದೂಳು ಶತ್ರು.

'ವಾಟರ್‌ಪ್ರೂಫ್' ಅಂತ ಚೀಟಿ ಅಂಟಿಸಿದ ಕೂಡಲೇ ನಂಬಬೇಡಿ. ಬಟ್ಟೆ ನೀರು ತಡೆದರೂ ಜಿಪ್ಪಿನ ಹಲ್ಲುಗಳ ನಡುವೆ ಮತ್ತು ಹೊಲಿಗೆಯ ತೂತುಗಳಲ್ಲಿ ನೀರು ಇಳಿಯುತ್ತದೆ. ಜಿಪ್ಪಿನ ಮೇಲೆ ಮುಚ್ಚುವ ಪಟ್ಟಿ ಇದೆಯೇ, ಬ್ಯಾಗಿಗೆ ಹೊದಿಸುವ ಮಳೆ ಕವರ್ ಜೊತೆಗೇ ಬಂದಿದೆಯೇ ನೋಡಿ. ಇಲ್ಲದಿದ್ದರೆ ಒಂದು ದೊಡ್ಡ ಪ್ಲಾಸ್ಟಿಕ್ ಕವರ್, ಒಂದು ಒಣ ಹತ್ತಿ ಟವಲ್ ಯಾವಾಗಲೂ ಬ್ಯಾಗಿನಲ್ಲೇ ಇರಲಿ.

ಅಂಗಡಿಗೆ ನಿಮ್ಮ ಕ್ಯಾಮೆರಾ ತೆಗೆದುಕೊಂಡೇ ಹೋಗಿ. ಲೆನ್ಸ್ ಹಾಕಿದಂತೆಯೇ ಅದು ಬ್ಯಾಗಿನಲ್ಲಿ ಕೂರಬೇಕು. ಪ್ರತಿ ಸಲ ಲೆನ್ಸ್ ಬಿಚ್ಚಿ ಇಡಬೇಕಾದರೆ ಜಾತ್ರೆಯ ದೂಳೆಲ್ಲ ಒಳಗಿನ ಸೆನ್ಸರ್ ಮೇಲೆ ಕೂರುತ್ತದೆ. ಜಿಪ್ಪು ಎಳೆದು ಮೆಲ್ಲಗೆ ಅಲ್ಲಾಡಿಸಿ. ಒಳಗೆ ಲೊಡಲೊಡ ಅಂದರೆ ಬ್ಯಾಗು ದೊಡ್ಡದಾಯಿತು, ಜಿಪ್ಪು ಬಿಗಿಹಿಡಿದರೆ ಚಿಕ್ಕದಾಯಿತು. ತಳವನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ. ಪಕ್ಕಕ್ಕೆಲ್ಲ ದಪ್ಪ ಸ್ಪಂಜು ಹಾಕಿ ತಳಕ್ಕೆ ಬರೀ ಬಟ್ಟೆ ಹೊಲಿದ ಬ್ಯಾಗುಗಳು ಬೇಕಾದಷ್ಟಿವೆ. ನೆಲಕ್ಕೆ ಕುಕ್ಕಿದಾಗ ಪೆಟ್ಟು ಬೀಳುವುದು ತಳಕ್ಕೇ. ಪಟ್ಟಿ ಬ್ಯಾಗಿಗೆ ಸೇರುವ ಜಾಗದಲ್ಲಿ ಅಡ್ಡಡ್ಡ, ಎರಡೆರಡು ಸಲ ಹೊಲಿಗೆ ಬಿದ್ದಿರಬೇಕು.

ಬೆನ್ನಿಗೆ ಹಾಕುವುದೋ, ಹೆಗಲಿಗೆ ಜೋತುಬಿಡುವುದೋ? ಬೈಕಿನಲ್ಲಿ ದೂರ ಹೋಗುವವರಿಗೆ ಬೆನ್ನಿನದೇ ಸರಿ, ಭಾರ ಎರಡೂ ಹೆಗಲಿಗೆ ಹಂಚುತ್ತದೆ. ಆದರೆ ಜನಸಂದಣಿಯಲ್ಲಿ ನಿಮ್ಮ ಜಿಪ್ಪು ಬೇರೆಯವರ ಕಣ್ಣೆದುರಿಗೆ ಇರುತ್ತದೆ, ನಿಮಗೆ ಕಾಣುವುದಿಲ್ಲ. ಬೆನ್ನಿಗೆ ತಾಗುವ ಕಡೆಯಿಂದ ತೆರೆಯುವ ಬ್ಯಾಗು ಸಿಕ್ಕರೆ ಅದನ್ನೇ ಕೊಳ್ಳಿ. ಕಂಪನಿಯ ಹೆಸರು ದಪ್ಪಕ್ಷರದಲ್ಲಿರುವ ಬ್ಯಾಗು ಕಳ್ಳನಿಗೆ ಕೊಟ್ಟ ಜಾಹೀರಾತು, ಸಾದಾ ಬಣ್ಣದ್ದೇ ವಾಸಿ. ಬಸ್ಸಿನಲ್ಲಿ ಬ್ಯಾಗು ತೊಡೆಯ ಮೇಲಿರಲಿ. ಸ್ಕೂಟರಿನ ಸೀಟಿನ ಕೆಳಗಂತೂ ಬೇಡವೇ ಬೇಡ, ಅಲ್ಲಿ ಕಾವೂ ಇದೆ, ಕುಲುಕಾಟವೂ ಇದೆ.

ಇನ್ನು ಮನೆಯ ವಿಷಯ. ಜನ ಹೆಚ್ಚು ಮರೆಯುವುದು ಇದನ್ನೇ. ಮದುವೆ ಮುಗಿಸಿ ಬಂದು ಬ್ಯಾಗನ್ನು ಹಾಗೇ ಬೀರುವಿನಲ್ಲಿ ಇಟ್ಟುಬಿಡುತ್ತಾರೆ. ಆಷಾಢದಲ್ಲಿ ಮದುವೆ ಇಲ್ಲ, ಹಾಗಾಗಿ ತಿಂಗಳುಗಟ್ಟಲೆ ತೆಗೆಯುವುದೇ ಇಲ್ಲ. ಸ್ಪಂಜು ಮತ್ತು ಬಟ್ಟೆ ತೇವ ಹಿಡಿದುಕೊಳ್ಳುತ್ತವೆ. ಕತ್ತಲೆ, ತೇವ, ಗಾಳಿಯಾಡದ ಜಾಗ ಮೂರೂ ಸೇರಿದರೆ ಉಪ್ಪಿನಕಾಯಿಗೆ ಬರುವ ಬೂಷ್ಟು ಲೆನ್ಸಿಗೂ ಬರುತ್ತದೆ. ಅಂಗಡಿಯವರು ಇದನ್ನೇ ಫಂಗಸ್ ಅನ್ನುವುದು. ಲೆನ್ಸಿನ ಹಿಂದಿನಿಂದ ಟಾರ್ಚ್ ಬಿಟ್ಟು ನೋಡಿದರೆ ಜೇಡರ ಬಲೆಯಂಥ ಎಳೆಗಳು ಕಾಣುತ್ತವೆ. ಹೆಚ್ಚು ದಿನ ಬಿಟ್ಟರೆ ಗಾಜಿನ ಮೇಲಿನ ಲೇಪನವನ್ನೇ ತಿನ್ನುತ್ತದೆ, ಆಮೇಲೆ ಒರೆಸಿದರೂ ಕಲೆ ಹೋಗುವುದಿಲ್ಲ. ಸೆಕೆಂಡ್ ಹ್ಯಾಂಡ್ ಲೆನ್ಸ್ ಕೊಳ್ಳುವವರು ಈ ಟಾರ್ಚ್ ಪರೀಕ್ಷೆ ಮಾಡದೆ ದುಡ್ಡು ಕೊಡಬಾರದು.

ಹಳೆಯ ಚರ್ಮದ ಕೇಸು ಇನ್ನೂ ಅಪಾಯ. ಮೈಸೂರಿನವರೇ ಆದ ಪತ್ರಿಕಾ ಛಾಯಾಗ್ರಾಹಕ ಟಿ.ಎಸ್. ಸತ್ಯನ್ ಅವರ ಪೀಳಿಗೆಯ ಫಿಲ್ಮ್ ಕ್ಯಾಮೆರಾಗಳಿಗೆ ಚರ್ಮದ ಕೇಸು ಇರುತ್ತಿದ್ದದ್ದು ಸಾಮಾನ್ಯ. ನೋಡಲು ಚೆಂದ, ಆದರೆ ಚರ್ಮ ತೇವ ಹೀರುತ್ತದೆ, ತಾನೂ ಬೂಷ್ಟು ಹಿಡಿಯುತ್ತದೆ. ಅಜ್ಜನ ಕೇಸನ್ನು ನೆನಪಿಗೆ ಇಟ್ಟುಕೊಳ್ಳಿ, ಒಳಗೆ ಕ್ಯಾಮೆರಾ ಇಡಬೇಡಿ.

ಹಾಗಾದರೆ ಎಲ್ಲಿ ಇಡಬೇಕು? ಕರೆಂಟಿನ ಡ್ರೈ ಕ್ಯಾಬಿನೆಟ್ ಎಲ್ಲರ ಕೈಗೆಟಕುವುದಿಲ್ಲ. ಅಕ್ಕಿ, ಬೇಳೆ ತುಂಬಿಡುವಂಥ ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ ಸಾಕು. ಅದರಲ್ಲಿ ಒಂದು ಹಿಡಿ ಸಿಲಿಕಾ ಜೆಲ್, ತೇವಾಂಶ ತೋರಿಸುವ ಪುಟ್ಟ ಮೀಟರ್ ಇಡಿ. ಮೀಟರ್ 40ರಿಂದ 50 ತೋರಿಸುತ್ತಿದ್ದರೆ ಒಳ್ಳೆಯದು. 60 ದಾಟಿದರೆ ಎಚ್ಚರ. ಬಣ್ಣ ಬದಲಿಸುವ ಜೆಲ್ ಕೊಂಡರೆ ತೇವ ತುಂಬಿದ್ದು ಕಣ್ಣಿಗೇ ಗೊತ್ತಾಗುತ್ತದೆ. ಅಡುಗೆಗೆ ಬಳಸದ ಹಳೆಯ ಬಾಣಲೆಯಲ್ಲಿ, ಸಣ್ಣ ಉರಿಯಲ್ಲಿ ಬಿಸಿ ಮಾಡಿ ಆರಿಸಿದರೆ ಅದೇ ಜೆಲ್ ಮತ್ತೆ ಕೆಲಸಕ್ಕೆ ಬರುತ್ತದೆ. ನೀಲಿಯಿಂದ ಗುಲಾಬಿಗೆ ತಿರುಗುವ ಜೆಲ್‌ನಲ್ಲಿ ಕೋಬಾಲ್ಟ್ ಇರುತ್ತದೆ, ಅದು ಬೇಡ. ಕಿತ್ತಳೆ ಬಣ್ಣದ್ದು ಕೇಳಿ. ಯಾವುದಾದರೂ ಮಕ್ಕಳ ಕೈಗೆ ಸಿಗದಿರಲಿ. ನುಸಿಗುಳಿಗೆ ತೇವ ಹೀರುವುದಿಲ್ಲ, ಅದನ್ನು ಹಾಕಿ ಪ್ರಯೋಜನವಿಲ್ಲ. ಖಾಲಿ ಬ್ಯಾಗನ್ನು ಬಾಯಿ ತೆರೆದು ಬಿಸಿಲಿಗೆ ಹಾಕಿ.

ಬ್ಯಾಗಿನ ಇನ್ನೊಂದು ಉಪಯೋಗ ಹೆಚ್ಚಿನವರಿಗೆ ತಿಳಿದಿಲ್ಲ. ಎ.ಸಿ. ಛತ್ರದಿಂದ ಹೊರಗೆ ಬಂದ ಕೂಡಲೇ ತಣ್ಣಗಿರುವ ಲೆನ್ಸಿನ ಮೇಲೆ ಹನಿಗಟ್ಟುತ್ತದೆ. ಹೊರಡುವ ಮೊದಲೇ ಒಳಗೇ ಬ್ಯಾಗಿಗೆ ಹಾಕಿ ಜಿಪ್ಪು ಮುಚ್ಚಿ, ಹೊರಗೆ ಬಂದು ಅರ್ಧ ಗಂಟೆ ಬಿಟ್ಟು ತೆರೆಯಿರಿ.

ಕೊನೆಯದಾಗಿ ಎರಡು ಮಾತು. ಒಂದು, ಪತ್ರಿಕೆ ಮತ್ತು ಚಾನೆಲ್‌ಗಳಿಗೆ. ತಾಲ್ಲೂಕಿನ ವರದಿಗಾರ ನೆರೆಯ ಚಿತ್ರ ಕಳಿಸಿದರೆ ಮುಖಪುಟಕ್ಕೆ ಹಾಕುತ್ತೀರಿ. ಕ್ಯಾಮೆರಾ ಅವನದು, ಪೆಟ್ರೋಲು ಅವನದು, ನೆನೆದರೆ ರಿಪೇರಿಯೂ ಅವನದೇ. ಗುರುತಿನ ಚೀಟಿ ಕೊಡುವ ಕೈ ಒಂದು ಮಳೆ ಕವರನ್ನೂ ಕೊಡಲಿ. ಕೇಳುವುದಕ್ಕೆ ನಾಚಿಕೆ ಪಡಬೇಕಾದವರು ನಾವಲ್ಲ.

ಎರಡನೆಯದು, ಫೋಟೊ ತೆಗೆಯುವವರಿಗೂ ತೆಗೆಸುವವರಿಗೂ. ಕ್ಯಾಮೆರಾದ ಬಿಲ್ಲನ್ನೂ ತಳದಲ್ಲಿರುವ ಸೀರಿಯಲ್ ನಂಬರನ್ನೂ ಫೋನಿನಲ್ಲಿ ಫೋಟೊ ಹಿಡಿದಿಡಿ, ಕಳುವಾದರೆ ದೂರು ಕೊಡಲು ಬೇಕಾಗುತ್ತದೆ. ಆದರೆ ತುಂಬಿದ ಮೆಮೊರಿ ಕಾರ್ಡನ್ನು ಎಷ್ಟೇ ಒಳ್ಳೆಯ ಬ್ಯಾಗಿನಲ್ಲೂ ಇಡಬೇಡಿ. ಪುಟ್ಟ ಡಬ್ಬಿಗೆ ಹಾಕಿ ಒಳಜೇಬಿನಲ್ಲಿ ಇಟ್ಟುಕೊಳ್ಳಿ. ಬ್ಯಾಗು ಹೋದರೆ ಸಾಲ ಮಾಡಿಯಾದರೂ ಇನ್ನೊಂದು ತರಬಹುದು. ಯಾರದೋ ಮನೆಯ ಧಾರೆಯ ಗಳಿಗೆಯನ್ನು ಯಾವ ಅಂಗಡಿಯಲ್ಲಿ ತರುತ್ತೀರಿ?