ಬೇಸಗೆಯ ಬಿಡುವೂ ಸಮೀಪದ ವಿಹಾರವೂ

ಬೇಸಗೆಯೆಂದೊಡನೆ ಥಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿಗಳಲ್ಲಿ ನೆಲೆಸಿರುವ ಕನ್ನಡಿಗನ ಮನಸ್ಸಿಗೆ ಬರುವುದು ಒಂದೇ ಮಾತು: ಊರು. ಮಕ್ಕಳ ಪರೀಕ್ಷೆ ಮುಗಿಯುವ ಮೊದಲೇ ರೈಲಿನ ಟಿಕೇಟಿನ ಚಿಂತೆ ಪ್ರಾರಂಭವಾಗುತ್ತದೆ. ಹಿಂದೆ ಉಡುಪಿ, ಮಂಗಳೂರು ಕಡೆಯವರು ಘಟ್ಟದ ತಿರುವುಗಳಲ್ಲಿ ಇಡೀ ರಾತ್ರಿ ಬಸ್ಸಿನಲ್ಲಿ ಮೈ ಜಜ್ಜಿಸಿಕೊಂಡು ಹೋಗುತ್ತಿದ್ದರು. 1998ರ ಜನವರಿಯಲ್ಲಿ ಕೊಂಕಣ ರೈಲುಮಾರ್ಗ ಪೂರ್ಣವಾಗಿ ತೆರೆದುಕೊಂಡ ಮೇಲೆ ಆ ಕಷ್ಟ ತಪ್ಪಿತಾದರೂ ಆಸನ ದೊರೆಯುವ ಕಷ್ಟ ತಪ್ಪಲಿಲ್ಲ. ಮುಂಗಡ ಕಾದಿರಿಸುವ ಅವಧಿಯನ್ನು 2024ರ ನವೆಂಬರಿನಿಂದ 120 ದಿನಗಳಿಂದ 60 ದಿನಗಳಿಗೆ ಇಳಿಸಲಾಗಿದೆ. ಮೇ ತಿಂಗಳ ಟಿಕೇಟು ಸಿಕ್ಕಿದವನು ಇಂದಿಗೂ ಪುಣ್ಯವಂತನೇ. ಸಿಕ್ಕದವರು "ಈ ವರ್ಷ ಎಲ್ಲಿಗೂ ಹೋಗಲಾಗಲಿಲ್ಲ" ಎಂದು ನಿಟ್ಟುಸಿರುಬಿಟ್ಟು, ಎರಡು ತಿಂಗಳ ರಜೆಯನ್ನು ಪಂಖದ ಕೆಳಗೆ ಕಳೆದುಬಿಡುತ್ತಾರೆ.

'ಎಲ್ಲಿಗೂ' ಎಂಬ ಈ ಮಾತನ್ನು ಸ್ವಲ್ಪ ವಿಚಾರಿಸಿ ನೋಡಬೇಕಾಗಿದೆ.

ಬ್ಯಾಂಕಿನ ಪರಿಭಾಷೆಯಲ್ಲಿ ಹೇಳುವುದಾದರೆ, ಇಲ್ಲಿಯ ಕನ್ನಡಿಗರು ತಮ್ಮ ವಿರಾಮವನ್ನೆಲ್ಲ ಮುದ್ದತು ಠೇವಣಿಯಲ್ಲಿ ಇಟ್ಟುಬಿಟ್ಟಿದ್ದಾರೆ. ಸ್ವಲ್ಪ ಭಾಗ ಮೇ ತಿಂಗಳಿಗೆ, ಉಳಿದುದೆಲ್ಲ ನಿವೃತ್ತಿಗೆ, ನಡುವೆ ಹಿಂತೆಗೆಯುವಂತಿಲ್ಲ. ಬೆಳಗಿನ ಏಳರ ಲೋಕಲಿಗೆ ಓಡಿ ರಾತ್ರಿ ಎಂಟಕ್ಕೆ ಮರಳುವ ಗೃಹಸ್ಥನಿಗೆ ಭಾನುವಾರವೆಂದರೆ ನಿದ್ರೆ, ಸಂತೆ, ಮೊಬೈಲು. ಗೃಹಿಣಿಗೆ ಆ ನಿದ್ರೆಯೂ ಇಲ್ಲ. ಹಣವಾದರೆ ಮುದ್ದತು ತುಂಬಿದ ದಿನ ಬಡ್ಡಿಸಹಿತವಾಗಿ ಕೈಸೇರುತ್ತದೆ. ಅರುವತ್ತನೆಯ ವಯಸ್ಸಿನಲ್ಲಿ ಈ ಠೇವಣಿ ಕೈಗೆ ಬರುವ ಹೊತ್ತಿಗೆ ಮಂಡಿ ನೋಯುತ್ತಿರುತ್ತದೆ, ಊರಿನ ಮನೆ ಪಾಲಾಗಿ ಹೋಗಿರುತ್ತದೆ, ಕೈಹಿಡಿದುಕೊಂಡು ತಿರುಗಾಡಬೇಕಾಗಿದ್ದ ಮಕ್ಕಳು ಪುಣೆಯಲ್ಲೋ ಅಮೆರಿಕದಲ್ಲೋ ಇರುತ್ತಾರೆ.

ಬ್ಯಾಂಕಿಗೂ ವಿರಾಮಕ್ಕೂ ಹಳೆಯ ನಂಟಿದೆ. ಇಂಗ್ಲೆಂಡಿನಲ್ಲಿ 1871ರಲ್ಲಿ ಬ್ಯಾಂಕ್ ರಜೆಗಳ ಕಾನೂನನ್ನು ತಂದ ಸರ್ ಜಾನ್ ಲಬಕ್ ಸ್ವತಃ ಬ್ಯಾಂಕಿನ ಒಡೆಯ. ಆ ಕಾನೂನು ಕೊಟ್ಟದ್ದು ವರ್ಷಕ್ಕೆ ಕೇವಲ ನಾಲ್ಕು ದಿನ. ಗುಮಾಸ್ತರೂ ಅಂಗಡಿಯ ನೌಕರರೂ ಆ ದಿನಗಳಲ್ಲಿ ರೈಲು ಹಿಡಿದು ಸಮೀಪದ ಕಡಲತೀರಕ್ಕೋ ಉದ್ಯಾನಕ್ಕೋ ಸಂಸಾರಸಮೇತ ಹೋಗಿ ಸಂಜೆಗೆ ಮರಳುವುದು ರೂಢಿಯಾಯಿತು. ಅಲ್ಲಿಯ ಸಣ್ಣ ಪಟ್ಟಣಗಳಲ್ಲಿ ಇಂದಿಗೂ ಬೇಸಗೆಯ ಸಂಜೆ ಹೊಳೆಯ ದಂಡೆಯಲ್ಲಿ ಅಡ್ಡಾಡುವುದು, ಬುತ್ತಿ ಬಿಚ್ಚಿ ಹುಲ್ಲಿನ ಮೇಲೆ ಉಣ್ಣುವುದು ಸಾಮಾನ್ಯರ ಬದುಕಿನ ಅಂಗವಾಗಿಯೇ ಇದೆ. ಭಾರತದ ಬ್ಯಾಂಕುಗಳಿಗೂ 2015ರ ಸೆಪ್ಟೆಂಬರಿನಿಂದ ಎರಡನೆಯ ಮತ್ತು ನಾಲ್ಕನೆಯ ಶನಿವಾರ ರಜೆಯಾಗಿದೆ. ಆ ಶನಿವಾರಗಳ ಗತಿಯೇನಾಯಿತೆಂಬುದನ್ನು ನೌಕರರ ಮನೆಯವರನ್ನೇ ಕೇಳಬೇಕು.

ಹಾಗೆ ಹೋಗಿಬರಲು ಇಲ್ಲಿ ಸ್ಥಳವೆಲ್ಲಿದೆ ಎಂಬುದು ಪದೇ ಪದೇ ಕೇಳಿಬರುವ ಆಕ್ಷೇಪ. ಥಾಣೆಯಲ್ಲಿ ಸ್ಟೇಶನ್ನಿನಿಂದ ನಡೆದೇ ಹೋಗಬಹುದಾದಷ್ಟು ಹತ್ತಿರದಲ್ಲಿ ಮಾಸುಂದಾ ಕೆರೆಯಿದೆ. ಜನರ ಬಾಯಲ್ಲಿ ಅದು ತಲಾವ್ ಪಾಳಿ. ದಂಡೆಯ ಮೇಲೆ ಕೋಪಿನೇಶ್ವರನ ದೇವಾಲಯ, 1978ರಲ್ಲಿ ತೆರೆದ ಗಡ್ಕರಿ ರಂಗಾಯತನ. ಏಯೂರು ಬೆಟ್ಟದ ಬುಡದಲ್ಲಿ ಉಪವನ ಕೆರೆಯಿದೆ. ಬೆಟ್ಟವು ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನಕ್ಕೆ ಸೇರಿದ ಕಾಡು, ಚಿರತೆಯ ಬೀಡು. ಅಲ್ಲಿಗೆ ಬೆಳಗಿನ ಹೊತ್ತೇ ಯೋಗ್ಯ. ದೇಶದ ಪ್ರಥಮ ಪ್ರಯಾಣಿಕ ರೈಲು 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಹೊರಟು ಬಂದು ನಿಂತದ್ದು ಈ ಥಾಣೆಗೇ. ಬಂದಿಳಿದವರು ಸುಮಾರು 400 ಮಂದಿ ಆಹ್ವಾನಿತರು. ಕಚೇರಿಯ ಕೆಲಸಕ್ಕೆಂದು ಬಂದವರಲ್ಲ, ಕಡುಬೇಸಗೆಯಲ್ಲಿ ವಿನೋದಕ್ಕೆಂದು ಬಂದವರು. ಅದೇ ಮಾರ್ಗದಲ್ಲಿ ನಿತ್ಯವೂ ಜೋತುಬಿದ್ದು ಹೋಗುವವರಿಗೆ ಈ ಸಂಗತಿ ಮರೆತುಹೋಗಿರುವುದು ಸಹಜವೇ.

ಡೊಂಬಿವಲಿಯಲ್ಲಿ ಬಯಲು ಕಡಿಮೆ ಎಂಬುದು ನಿಜ. ಆದರೆ ಅಲ್ಲಿಂದ ಐದನೆಯ ಸ್ಟೇಶನ್ ಅಂಬರನಾಥ. ಅಲ್ಲಿಯ ಶಿವಾಲಯದ ಶಾಸನದಲ್ಲಿರುವ ಕಾಲ ಶಕ 982, ಅಂದರೆ ಕ್ರಿ.ಶ. 1060. ಕಟ್ಟಿಸಿದವರು ಉತ್ತರ ಕೊಂಕಣದ ಶಿಲಾಹಾರರು. ಅವರ ಪೂರ್ವಿಕರು ಮಾನ್ಯಖೇಟದ ರಾಷ್ಟ್ರಕೂಟರ ಸಾಮಂತರಾಗಿದ್ದವರು, ಮಾನ್ಯಖೇಟವೆಂದರೆ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. ಹಂಪೆ, ಬೇಲೂರುಗಳ ಚಿತ್ರಪಟವನ್ನು ಗೋಡೆಗೆ ತೂಗುಹಾಕಿರುವ ಎಷ್ಟೋ ಮನೆಗಳವರು ಲೋಕಲಿನಲ್ಲಿ ಅರ್ಧ ಗಂಟೆಯೂ ಹಿಡಿಯದ ಈ ಗುಡಿಯನ್ನು ಕಂಡಿಲ್ಲ. ಹೊರಗೋಡೆಯ ಕಪ್ಪುಕಲ್ಲಿನಲ್ಲಿ ಶಿಲ್ಪಗಳು ಕಿಕ್ಕಿರಿದಿವೆ. ಗರ್ಭಗೃಹವು ನೆಲಮಟ್ಟಕ್ಕಿಂತ ಕೆಳಗಿದೆ. ಮೆಟ್ಟಿಲಿಳಿದು ಹೋದವರಿಗೆ ಏಪ್ರಿಲಿನ ಉರಿಯಲ್ಲಿಯೂ ತಂಪು ಸಿಗುತ್ತದೆ. ಪಕ್ಕದ ವಾಲಧುನಿ ಹೊಳೆ ಮಾತ್ರ ಕೊಳೆಯಿಂದ ಕಪ್ಪಾಗಿ, ಮೂಗು ಮುಚ್ಚಿಕೊಳ್ಳುವ ಸ್ಥಿತಿಯಲ್ಲಿದೆ ಎಂಬುದನ್ನೂ ಹೇಳದೆ ಇರಲಾಗದು. ಕಲ್ಯಾಣದವರಿಗೆ ದುರ್ಗಾಡಿಯ ಬಳಿಯ ಖಾಡಿಯ ದಂಡೆಯಿದೆ, ಕಾಳಾ ತಲಾವ್ ಇದೆ. (ಇದು ಬಸವಣ್ಣನವರ ಕಲ್ಯಾಣವೆಂದು ಭ್ರಮಿಸಿದ ಹಿರಿಯರೂ ಉಂಟು. ಈ ಕಲ್ಯಾಣ ಬೇರೆ, ಬಹು ಪ್ರಾಚೀನವಾದ ಬಂದರು. ಕಾನ್ಹೇರಿಯ ಗುಹಾಶಾಸನಗಳಲ್ಲಿ ಇದರ ವರ್ತಕರ ಹೆಸರುಗಳಿವೆ.)

ನವಿಮುಂಬಯಿಯವರ ಭಾಗ್ಯವಂತೂ ಬೇರೆಯೇ. ಥಾಣೆ ಖಾಡಿಗೆ ಚಳಿಗಾಲದ ಮೊದಲಲ್ಲಿ ಬರತೊಡಗುವ ರಾಜಹಂಸಗಳು, ಅಂದರೆ ಫ್ಲೆಮಿಂಗೋ ಹಕ್ಕಿಗಳು, ಮಳೆಗಾಲ ಹತ್ತಿರವಾಗುವವರೆಗೂ ಇಲ್ಲಿಯೇ ಇರುತ್ತವೆ. ಖಾಡಿಯ ಸುಮಾರು 1,690 ಹೆಕ್ಟೇರ್ ಪ್ರದೇಶವನ್ನು 2015ರಲ್ಲಿ ಅಭಯಾರಣ್ಯವೆಂದು ಘೋಷಿಸಲಾಯಿತು. 2022ರಲ್ಲಿ ಅಂತರರಾಷ್ಟ್ರೀಯ ಮಹತ್ತ್ವದ ಜೌಗು ಪ್ರದೇಶಗಳ ರಾಮ್‌ಸರ್ ಪಟ್ಟಿಗೂ ಅದು ಸೇರಿತು. ಐರೋಲಿಯಿಂದ ಹಕ್ಕಿಗಳ ಋತುವಿನಲ್ಲಿ ದೋಣಿಯೇರಿ ಹೋಗಿ ನೋಡಬಹುದು. ಉಬ್ಬರವಿಳಿತಕ್ಕೆ ತಕ್ಕಂತೆ ಹೊರಡುವ ಹೊತ್ತು ದಿನದಿನವೂ ಬದಲಾಗುವುದರಿಂದ ಮುಂಚಿತವಾಗಿ ವಿಚಾರಿಸಿಕೊಳ್ಳಬೇಕು. ದೋಣಿಯೇ ಬೇಡವೆನ್ನುವವರು ನೆರುಳ್, ಸೀವುಡ್ಸ್ ಕಡೆಯ ಜೌಗು ಕೆರೆಗಳ ಬದಿಯಲ್ಲಿ ನಿಂತರೂ ಸಾಕು. ಉಬ್ಬರದ ವೇಳೆ ಹಕ್ಕಿಗಳೇ ಅಲ್ಲಿಗೆ ಬರುತ್ತವೆ. ನೀರಿನಲ್ಲಿ ತಲೆ ತಗ್ಗಿಸಿ ಪಾಚಿಯನ್ನು ಸೋಸಿ ತಿನ್ನುವ, ಆ ಆಹಾರದಿಂದಲೇ ನಸುಗೆಂಪು ಬಣ್ಣವನ್ನು ಪಡೆಯುವ ಸಾವಿರಾರು ಹಕ್ಕಿಗಳು! ಕಚ್ಛದ ಕಡೆಯಿಂದ ಅವು ಹಾರಿಬರುವುದು ಈ ಖಾಡಿಯ ಕೆಸರಿಗಾಗಿ. ಅದರ ದಡದಲ್ಲಿಯೇ ವಾಸಿಸುವ ಮಗು ಅವನ್ನು ನೋಡುವುದು ಪರದೆಯ ಮೇಲೆ.

ವಿಹಾರವಿಲ್ಲದ ಈ ಜೀವನಕ್ರಮದ ಬೆಲೆಯನ್ನು ಹೆಚ್ಚಾಗಿ ತೆರುತ್ತಿರುವವರು ವೃದ್ಧರು. ಊರಿನಲ್ಲಿ ನೋಡಿಕೊಳ್ಳುವವರಿಲ್ಲದೆ ಮಗನ ಮನೆಗೆ ಬಂದ ತಂದೆತಾಯಿಗಳು ನಾಲ್ಕನೆಯ ಅಂತಸ್ತಿನ ಬಾಲ್ಕನಿಯಲ್ಲಿ ಕುಳಿತು ಹಾದುಹೋಗುವ ಲೋಕಲುಗಳನ್ನು ಎಣಿಸುತ್ತಾರೆ. ಅವರಿಗೆ ಮರಾಠಿ ಬಾರದು, ರಸ್ತೆ ದಾಟಲು ಅಂಜಿಕೆ. ಇಡೀ ದಿನ ಕನ್ನಡದಲ್ಲಿ ಒಂದು ಮಾತಿಲ್ಲ. ಸಕ್ಕರೆ ಕಾಯಿಲೆ, ರಕ್ತದೊತ್ತಡಗಳಿಗೆ ಗುಳಿಗೆ ತಪ್ಪುವುದಿಲ್ಲ. ನಡಿಗೆ ಮಾತ್ರ ತಪ್ಪಿಹೋಗಿದೆ. ವಾರಕ್ಕೆ ಕನಿಷ್ಠ 150 ನಿಮಿಷಗಳ ಮಿತವಾದ ವ್ಯಾಯಾಮ ಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ದಿನಕ್ಕೆ ಅರ್ಧ ಗಂಟೆಯಂತೆ ಐದು ದಿನ ಕೆರೆಯ ಸುತ್ತ ನಡೆದರೆ ಅಷ್ಟಾಯಿತು. ಬಿಸಿಲಿನ ಎಚ್ಚರ ಮಾತ್ರ ಅವಶ್ಯ. ಈ ಭಾಗದ ಸೆಕೆಯಲ್ಲಿ ಬೆವರು ಆರುವುದಿಲ್ಲ, ಮೈ ತಣಿಯುವುದಿಲ್ಲ. ಆದುದರಿಂದ ಬೆಳಿಗ್ಗೆ ಎಂಟರೊಳಗೆ ಅಥವಾ ಸಂಜೆ ಐದೂವರೆಯ ಮೇಲೆ ಹೊರಡುವುದು ಒಳಿತು. ಬಾಯಾರುವ ಮುನ್ನವೇ ಸ್ವಲ್ಪ ಸ್ವಲ್ಪ ನೀರೋ ಮಜ್ಜಿಗೆಯೋ ಕುಡಿಯುತ್ತಿರಬೇಕು. ಹೃದಯ, ಮೂತ್ರಪಿಂಡಗಳ ತೊಂದರೆಯಿರುವವರು ಎಷ್ಟು ಕುಡಿಯಬಹುದೆಂದು ವೈದ್ಯರನ್ನು ಕೇಳಿಕೊಳ್ಳತಕ್ಕದ್ದು.

ಕನ್ನಡ ಸಂಘಗಳ ಹೊಣೆ ಇಲ್ಲಿ ಕಡಿಮೆಯದಲ್ಲ. ವರ್ಷಕ್ಕೊಮ್ಮೆ ಬಸ್ಸು ಗೊತ್ತುಮಾಡಿ, ನಸುಕಿನ ನಾಲ್ಕಕ್ಕೆ ಎಬ್ಬಿಸಿ, ಮೂರು ದೇವಸ್ಥಾನ ಒಂದು ಅಣೆಕಟ್ಟು ತೋರಿಸಿ, ಮಧ್ಯರಾತ್ರಿಗೆ ತಂದಿಳಿಸುವ ಪ್ರವಾಸವನ್ನು ಕಾರ್ಯಕಾರಿ ಸಮಿತಿಗಳು ಅತ್ಯುತ್ಸಾಹದಿಂದ ನಡೆಸುತ್ತವೆ. ಅದರಲ್ಲಿ ವೃದ್ಧರಿಗೆ ಸ್ಥಾನವಿಲ್ಲ, ಉಳಿದವರಿಗೆ ಮರುದಿನ ಮೈಕೈ ನೋವು. ಅದರ ಬದಲು ಏಪ್ರಿಲ್, ಮೇ ತಿಂಗಳುಗಳಲ್ಲಿ ಹದಿನೈದು ದಿನಗಳಿಗೊಮ್ಮೆ ಸಂಜೆ ಐದೂವರೆಗೆ ಇಂಥ ಕೆರೆಯ ಇಂಥ ಬೆಂಚಿನ ಬಳಿ ಸದಸ್ಯರು ಸೇರುವುದೆಂದು ಗೊತ್ತುಮಾಡಿದರೆ ಖರ್ಚೇನೂ ಇಲ್ಲ. ವೇದಿಕೆ, ಹಾರ, ಸ್ವಾಗತಭಾಷಣ, ವಂದನಾರ್ಪಣೆ ಒಂದೂ ಬೇಡ. ಮನೆಯಿಂದ ತಂದ ಅವಲಕ್ಕಿ, ಕೋಸಂಬರಿ, ಪುನರ್ಪುಳಿಯ ಪಾನಕ ಸಾಕು. ಅಜ್ಜಂದಿರು ಮಾತಾಡಿಕೊಳ್ಳಲಿ, ಮಕ್ಕಳು ಓಡಾಡಲಿ. ಸಭಾಗೃಹದ ಹೊರಗೂ ನಾಲ್ಕು ಮಂದಿ ಕನ್ನಡದಲ್ಲಿ ನಗುವುದನ್ನು ಆ ಮಕ್ಕಳು ಒಮ್ಮೆ ಕೇಳಲಿ.

ಭಾನುವಾರ ರೈಲಿನ ಮೆಗಾಬ್ಲಾಕ್ ಇರುತ್ತದೆ, ತಲಾವ್ ಪಾಳಿಯಲ್ಲಿ ಕಾಲಿಡಲು ಜಾಗವಿರುವುದಿಲ್ಲ ಎಂಬ ಅಡ್ಡಿಗಳು ಸುಳ್ಳಲ್ಲ. ಬೆಳಗಿನ ಆರೂವರೆಯ ಸುಮಾರಿಗೆ ಹೊರಟರೆ ಎರಡೂ ಅಡ್ಡಬರುವುದಿಲ್ಲ. ಸಾಮಾನ್ಯವಾಗಿ ಬ್ಲಾಕ್ ಆರಂಭವಾಗುವ ಹೊತ್ತಿಗೆ ಅಂಬರನಾಥಕ್ಕೆ ಹೋದವರು ಮನೆಗೆ ಬಂದು ಉಪ್ಪಿಟ್ಟು ತಿನ್ನುತ್ತಿರಬಹುದು. ಏಪ್ರಿಲ್ ಮೊದಲಿನಿಂದ ಮಳೆ ಹಿಡಿಯುವವರೆಗೆ ಎಂಟು ಒಂಬತ್ತು ಭಾನುವಾರಗಳು ಸಿಗುತ್ತವೆ. ಊರಿಗೆ ಟಿಕೇಟು ಸಿಕ್ಕವರಿಗೂ ಅವುಗಳಲ್ಲಿ ಐದಾರು ಉಳಿದೇ ಇರುತ್ತವೆ.