ಆಯುಧಪೂಜೆಗೆ ಸೀಟು ಬಿಚ್ಚುವ ಮುನ್ನ

ಆಯುಧಪೂಜೆ ಹತ್ತಿರ ಬಂತೆಂದರೆ ನಮ್ಮ ಆನೇಮಹಲ್, ಸಕಲೇಶಪುರದ ಕಡೆ ಮನೆಮನೆಯ ಅಂಗಳದಲ್ಲೂ ಒಂದೇ ಕೆಲಸ. ಜೂನ್‌ನಲ್ಲಿ ಹಿಡಿದ ಮಳೆ ಸ್ವಲ್ಪ ಹೊಳವಾಗಿದ್ದೇ ತಡ, ಕಾರಿನ ಬಾಗಿಲುಗಳನ್ನೆಲ್ಲ ತೆರೆದು ಬಿಸಿಲಿಗೆ ನಿಲ್ಲಿಸುತ್ತೇವೆ. ಒಳಗೆ ಬಗ್ಗಿ ನೋಡಿದರೆ ಇಡೀ ಮಳೆಗಾಲದ ಲೆಕ್ಕ ಅಲ್ಲೇ ಸಿಗುತ್ತದೆ. ತೋಟದ ಕೆಸರು, ಕೊಡೆಯಿಂದ ಸೋರಿದ ನೀರು, ಸೀಟಿನಡಿ ಸೇರಿದ ಚಕ್ಕುಲಿ ಚೂರು, ಅದರ ಮೇಲೆ ಬೆಳೆದ ಬೂಷ್ಟು. ಎಲ್ಲೋ ಒಂದು ಕಡೆ ಒಣಗಿ ಅಂಟಿಕೊಂಡ ಉಂಬಳವೂ ಇರಬಹುದು!

ಮೇಲೆ ಮೇಲೆ ಒರೆಸಿದರೆ ಈ ಮುಗ್ಗಲು ವಾಸನೆ ಹೋಗುವುದಿಲ್ಲ. ಕಾರ್ಪೆಟ್ಟಿನ ಕೆಳಗೆ ದಪ್ಪನೆಯ ಸ್ಪಂಜಿನಂಥ ಪದರ ಇರುತ್ತದೆ. ನೀರು ಅಲ್ಲಿ ಸೇರಿಕೊಂಡರೆ ವಾರಗಟ್ಟಲೆ ಆರುವುದಿಲ್ಲ. ಅದಕ್ಕೇ ‘ಸೀಟು ಬಿಚ್ಚಿಯೇ ತೊಳೆಯೋಣ’ ಎಂಬ ಯೋಚನೆ ಬರುತ್ತದೆ. ಈ ವಾರ ನಾನು ಬರೆಯುತ್ತಿರುವುದು ಆ ಯೋಚನೆ ಬಂದವರಿಗೆ.

ನಮ್ಮ ಕಡೆಯವರಿಗೆ ಸೀಟು ಬಿಚ್ಚುವುದು ಹೊಸದಲ್ಲ. ತೋಟದ ಹಳೆಯ ಜೀಪಿನ ಹಿಂದಿನ ಸೀಟು ಬಿಚ್ಚಿ ಶೆಡ್ಡಿಗೆ ಹಾಕಿ, ಆ ಜಾಗದಲ್ಲಿ ಕಾಫಿ ಮೂಟೆ ತುಂಬಿದವರೇ ಎಲ್ಲರೂ. ಪಕ್ಕದ ತೋಟದ ಡ್ರೈವರ್ ಹುಡುಗ ಮೊನ್ನೆ ಹೊಸ ಕಾರಿನ ಮುಂದೆ ಸ್ಪ್ಯಾನರ್ ಹಿಡಿದು ನಿಂತಿದ್ದ. “ನಾಲ್ಕು ಬೋಲ್ಟ್ ತಾನೇ ಅಕ್ಕ, ಹತ್ತು ನಿಮಿಷದ ಕೆಲಸ” ಅಂದ. “ತಡಿ ಮಾರಾಯ, ಸೀಟಿನ ಕೆಳಗೆ ಟಾರ್ಚ್ ಬಿಟ್ಟು ನೋಡು, ಹಳದಿ ಬಣ್ಣದ ಪ್ಲಗ್ ಏನಾದರೂ ಇದೆಯಾ?” ಅಂದೆ. ಇತ್ತು. ಸ್ಪ್ಯಾನರ್ ಕೆಳಗಿಟ್ಟ.

ಜೀಪಿನ ಸೀಟು ಬರೀ ಕೂರುವ ಮಣೆ. ಈಗಿನ ಕಾರಿನ ಸೀಟು ಹಾಗಲ್ಲ, ಅದು ಸುರಕ್ಷಾ ವ್ಯವಸ್ಥೆಯ ಒಂದು ಅಂಗ. ನಮ್ಮ ದೇಶದಲ್ಲಿ 2019ರ ಜುಲೈ 1ರಿಂದ ಹೊಸ ಕಾರುಗಳಲ್ಲಿ ಚಾಲಕನಿಗೆ ಏರ್‌ಬ್ಯಾಗ್ ಕಡ್ಡಾಯವಾಯಿತು. ಕೆಲವು ಕಾರುಗಳಲ್ಲಿ ಸೀಟಿನ ಪಕ್ಕದೊಳಗೂ ಒಂದು ಏರ್‌ಬ್ಯಾಗ್ ಮಡಚಿ ಕೂತಿರುತ್ತದೆ. ಡಿಕ್ಕಿಯಾದಾಗ ಬೆಲ್ಟನ್ನು ಸರಕ್ಕನೆ ಎಳೆದು ಬಿಗಿಮಾಡುವ ಸಾಧನವೂ ಇರುತ್ತದೆ. ಇವೆರಡೂ ಕೆಲಸ ಮಾಡುವುದು ಪುಟ್ಟ ಪಟಾಕಿಯ ಹಾಗೆ. ತಂತಿಯಲ್ಲಿ ಸಣ್ಣ ವಿದ್ಯುತ್ ಹರಿಯುತ್ತದೆ, ಒಳಗಿನ ಮದ್ದು ಸಿಡಿಯುತ್ತದೆ, ಕಣ್ಣು ಮಿಟುಕಿಸುವುದರೊಳಗೆ ಚೀಲ ಉಬ್ಬುತ್ತದೆ. ಆ ತಂತಿಗಳ ಪ್ಲಗ್ಗೇ ಸಾಮಾನ್ಯವಾಗಿ ಹಳದಿ. ಹಾಗಾಗಿ ಹಳದಿ ಕಂಡರೆ ಕೈ ಹಿಂದಕ್ಕೆ.

ಮೊದಲು ಕೇಳಿಕೊಳ್ಳಬೇಕಾದ್ದು, ಬಿಚ್ಚುವುದು ನಿಜವಾಗಿಯೂ ಬೇಕೇ? ಬರೀ ಕಸ, ದೂಳು ಆದರೆ ಬೇಡ. ಮುಂದಿನ ಸೀಟನ್ನು ಪೂರ್ತಿ ಹಿಂದಕ್ಕೆ, ಆಮೇಲೆ ಪೂರ್ತಿ ಮುಂದಕ್ಕೆ ಸರಿಸಿದರೆ ವ್ಯಾಕ್ಯೂಮ್ ಕ್ಲೀನರ್ ಎಲ್ಲ ಕಡೆಗೂ ಹೋಗುತ್ತದೆ. ಹಿಂದಿನ ಸೀಟಿನ ಕೂರುವ ಭಾಗ ಬಹಳ ಕಾರುಗಳಲ್ಲಿ ಬರೀ ಕ್ಲಿಪ್ಪಿನ ಮೇಲೆ ನಿಂತಿರುತ್ತದೆ. ಮುಂಚೂಣಿ ಹಿಡಿದು ಮೇಲಕ್ಕೆತ್ತಿದರೆ ಬರುತ್ತದೆ. ನಿಮ್ಮ ಕಾರಿನದು ಹೇಗೆಂದು ಮ್ಯಾನ್ಯುಯಲ್ ನೋಡಿ. ಮುಂದಿನ ಸೀಟು ಬಿಚ್ಚುವ ಮಾತು ಬರುವುದು ಕಾರ್ಪೆಟ್ಟಿನಡಿ ನೀರು ನಿಂತಾಗ ಮಾತ್ರ. ಸೀಟಿನಡಿ ತಂತಿ ಇದ್ದರೆ ಆ ಕೆಲಸ ತಿಳಿದ ಮೆಕ್ಯಾನಿಕ್ ಮಾಡಲಿ. ಆದರೆ ಅವರು ಏನು ಮಾಡಬೇಕೆಂಬುದು ನಮಗೂ ಗೊತ್ತಿರಲಿ.

ಮೊದಲು ಸೀಟನ್ನು ಹಿಂದೆ ಮುಂದೆ ಸರಿಸಿ ನಾಲ್ಕೂ ಬೋಲ್ಟು ಸಡಿಲ ಮಾಡಬೇಕು. ಬಟನ್ ಒತ್ತಿ ಸರಿಸುವ ಸೀಟಾದರೆ ಬ್ಯಾಟರಿ ತೆಗೆದ ಮೇಲೆ ಅದು ಅಲುಗುವುದಿಲ್ಲ, ನೆನಪಿರಲಿ. ಆಮೇಲೆ ಕೀಲಿ ಹೊರಗಿಟ್ಟು, ಬ್ಯಾಟರಿಯ ಮೈನಸ್ ಗುರುತಿನ ತಂತಿ ಕಳಚಬೇಕು. ಕಳಚಿದ ಕೂಡಲೇ ಪ್ಲಗ್ಗಿಗೆ ಕೈ ಹಾಕುವಂತಿಲ್ಲ. ಏರ್‌ಬ್ಯಾಗಿನ ಪೆಟ್ಟಿಗೆಯಲ್ಲಿ ಸ್ವಲ್ಪ ಹೊತ್ತು ವಿದ್ಯುತ್ ಉಳಿದಿರುತ್ತದೆ. ಎಷ್ಟು ಹೊತ್ತು ಕಾಯಬೇಕೆಂಬುದು ಕಾರಿನಿಂದ ಕಾರಿಗೆ ಬೇರೆ. ಒಂದು ಲೋಟ ಕಾಫಿ ನಿಧಾನವಾಗಿ ಕುಡಿದು ಬನ್ನಿ ಎನ್ನುವುದು ನನ್ನ ಸಲಹೆ. ಪ್ಲಗ್ ಕಳಚುವಾಗ ತಂತಿ ಹಿಡಿದು ಎಳೆಯಬಾರದು, ಬೀಗ ಒತ್ತಿ ಬಿಡಿಸಬೇಕು. ಸೀಟು ಹೊರಗಿರುವಾಗ ಬ್ಯಾಟರಿ ಜೋಡಿಸಿ ಕೀಲಿ ತಿರುಗಿಸಲೇಬಾರದು. ತಿರುಗಿಸಿದರೆ ಏರ್‌ಬ್ಯಾಗ್ ದೀಪ ಹತ್ತಿ ಕೂರಬಹುದು. ಅದನ್ನು ಆರಿಸಲು ಗ್ಯಾರೇಜಿನ ಸ್ಕ್ಯಾನರೇ ಬೇಕಾಗುತ್ತದೆ.

ಸೀಟು ಹೊರತೆಗೆಯಲು ಇಬ್ಬರು ಬೇಕು. ಹೊಸ್ತಿಲಿನ ಮೇಲೆ ಹಳೆಯ ಕಂಬಳಿ ಹಾಸಿ. ಅಡಿಯ ಹಳಿಗಳ ಅಂಚು ಚಾಕುವಿನಂತೆ ಹರಿತ, ಕೈಗವಸು ಇರಲಿ. ಹೊತ್ತಾಗ ಸರಿಸುವ ಹಿಡಿ ಮುಟ್ಟಬೇಡಿ, ಹಳಿ ಜಾರಿ ಬೆರಳು ಸಿಕ್ಕಿಕೊಳ್ಳುತ್ತದೆ. ಮಕ್ಕಳು ಈ ಹೊತ್ತಿನಲ್ಲಿ ದೂರ. ಅವರಿಗೆ ಬೇರೆ ಕೆಲಸ ಇದೆ. ರಟ್ಟಿನ ಮೇಲೆ ಸೀಟಿನ ಚಿತ್ರ ಬರೆದು, ಯಾವ ಮೂಲೆಯ ಬೋಲ್ಟನ್ನು ಆ ಮೂಲೆಯಲ್ಲೇ ಚುಚ್ಚಿಡುವುದು. ತಂತಿಗಳ ಫೋಟೋ ತೆಗೆದಿಡುವುದೂ ಅವರಿಗೇ ಸೇರಿದ್ದು.

ಒಳಗೆ ಪೈಪ್ ಹಿಡಿದು ನೀರು ಬಿಡಬೇಡಿ. ನೆಲದ ನಡುವೆ ಏರ್‌ಬ್ಯಾಗಿನ ಪೆಟ್ಟಿಗೆ ಇರುವುದುಂಟು. ಹಿಂಡಿದ ಬಟ್ಟೆ, ಮೃದು ಸೋಪು ಸಾಕು. ಬೆಲ್ಟಿಗೂ ಅಷ್ಟೇ, ಬ್ಲೀಚಿಂಗ್ ಪುಡಿ, ಆಸಿಡ್ ತಾಗಿದರೆ ನೂಲಿನ ಬಲ ಹೋಗುತ್ತದೆ. ಪೂರ್ತಿ ಹೊರಗೆಳೆದು ಒರೆಸಿ, ನೆರಳಿನಲ್ಲಿ ಆರಿದ ಮೇಲೆ ಒಳಗೆ ಬಿಡಿ.

ಇನ್ನು ಒಣಗಿಸುವುದು. ಮಲೆನಾಡಿನವರಿಗೆ ಬಟ್ಟೆ ಒಣಗದಿದ್ದರೆ ನೆನಪಾಗುವುದು ಬಚ್ಚಲ ಒಲೆ. ದಯವಿಟ್ಟು ಸೀಟನ್ನು ಅಲ್ಲಿಗೆ ಒಯ್ಯಬೇಡಿ. ಅದರೊಳಗಿನ ಫೋಮ್‌ಗೆ ಒಂದು ಕಿಡಿ ಸಾಕು, ಅದರ ಹೊಗೆಯೂ ವಿಷ. ಕಾಫಿ ಕಣದಲ್ಲಿ ಬಿಸಿಲು ಬಿದ್ದರೆ ಒಳ್ಳೆಯದು. ಇಲ್ಲವಾದರೆ ಜಗಲಿಯಲ್ಲಿಟ್ಟು ಫ್ಯಾನ್ ಹಾಕಿ. ನೀರು ಬಂದ ದಾರಿಯನ್ನೂ ಹುಡುಕಿ. ಮುಂದಿನ ಗಾಜಿನ ಬುಡದಲ್ಲಿ ನೀರು ಹರಿದುಹೋಗುವ ಕಿಂಡಿಗಳಿವೆ. ನಮ್ಮಲ್ಲಿ ಅವನ್ನು ಮುಚ್ಚುವುದು ಸಿಲ್ವರ್ ಓಕ್ ಎಲೆ. ಅದನ್ನು ತೆಗೆಯದಿದ್ದರೆ ಮುಂದಿನ ಮಳೆಗೆ ಮತ್ತೆ ಇದೇ ಕಥೆ.

ಬಿಚ್ಚುವುದಕ್ಕಿಂತ ದೊಡ್ಡದು ಜೋಡಿಸುವುದು. ಮಕ್ಕಳೇ, ಒಂದು ಲೆಕ್ಕ ಮಾಡೋಣ. ಗಂಟೆಗೆ 50 ಕಿ.ಮೀ. ಅಂದರೆ ಸೆಕೆಂಡಿಗೆ ಸುಮಾರು 14 ಮೀಟರ್. ಆ ವೇಗದ ಕಾರು ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ನಿಂತಿತು ಅನ್ನಿ. ಆಗ ಒಳಗಿರುವುದೆಲ್ಲ ತನ್ನ ತೂಕದ ಸುಮಾರು 14 ಪಟ್ಟು ಬಲದಿಂದ ಮುಂದಕ್ಕೆ ನುಗ್ಗುತ್ತದೆ. 20 ಕಿಲೋ ಮಗು 280 ಕಿಲೋ ಆದಂತೆ, 50 ಕಿಲೋದ ಐದು ಕಾಫಿ ಮೂಟೆಗಿಂತ ಹೆಚ್ಚು! ಅದನ್ನು ಅಮ್ಮನ ತೋಳು ಹಿಡಿಯಲಾರದು, ಬೆಲ್ಟು ಹಿಡಿಯಬೇಕು. ಸೀಟಿನ ಭಾರ ಹಿಡಿಯುವುದು ಆ ನಾಲ್ಕು ಬೋಲ್ಟು. ಆದ್ದರಿಂದ ನಾಲ್ಕನ್ನೂ ಮೊದಲು ಕೈಯಲ್ಲೇ ತಿರುಗಿಸಿ ಕೂರಿಸಿ, ಆಮೇಲೆ ಟಾರ್ಕ್ ರೆಂಚಿನಲ್ಲಿ ಕಾರಿನವರು ಹೇಳಿದಷ್ಟೇ ಬಿಗಿಮಾಡಬೇಕು. ಕೈಯಂದಾಜು ಇಲ್ಲಿ ಬೇಡ. ಬ್ಯಾಟರಿ ಜೋಡಿಸುವಾಗ ಕಾರಿನೊಳಗೆ ಯಾರೂ ಕೂತಿರಬಾರದು. ಕೀಲಿ ತಿರುಗಿಸಿದಾಗ ಏರ್‌ಬ್ಯಾಗ್ ದೀಪ ಹತ್ತಿ ಕೆಲವು ಸೆಕೆಂಡಿನಲ್ಲಿ ಆರಬೇಕು. ಆರದಿದ್ದರೆ ನೇರ ಗ್ಯಾರೇಜಿಗೆ.

ನಾನು ಹೆಚ್ಚು ಕಡೆ ಕಂಡ ತಪ್ಪು ಇದ್ಯಾವುದೂ ಅಲ್ಲ. ಹಿಂದಿನ ಸೀಟು ಕೂರಿಸುವಾಗ ಬೆಲ್ಟಿನ ಬಕಲ್ ಅಡಿಗೆ ಸಿಕ್ಕಿ ಹೂತುಹೋಗುವುದು. ಮೇಲೆ ಹೊಸ ಕವರ್ ಬಿಗಿದರಂತೂ ಮುಗಿಯಿತು, ಮುಂದಿನ ಆಯುಧಪೂಜೆವರೆಗೆ ಅದರ ನೆನಪೇ ಇಲ್ಲ. ಸ್ವೀಡನ್ನಿನ ನಿಲ್ಸ್ ಬೋಲಿನ್ ಎಂಬ ಇಂಜಿನಿಯರ್ 1959ರಲ್ಲಿ ವೋಲ್ವೋ ಕಂಪನಿಗಾಗಿ ಈ ಮೂರು ಬಿಂದುಗಳ ಬೆಲ್ಟ್ ರೂಪಿಸಿದರು. ಜೀವ ಉಳಿಸುವ ಸಾಧನವೆಂದು ಕಂಪನಿ ಅದರ ಪೇಟೆಂಟನ್ನು ಬೇರೆ ತಯಾರಕರಿಗೂ ಬಿಟ್ಟುಕೊಟ್ಟಿತು. ಜಗತ್ತಿಗೆ ಪುಕ್ಕಟೆ ಸಿಕ್ಕಿದ್ದನ್ನು ನಾವು ಸೀಟಿನಡಿ ಹೂತಿಡುವುದೇ? ನಮ್ಮ ಕಾನೂನೂ 2019ರ ತಿದ್ದುಪಡಿಯ ಬಳಿಕ 14 ವರ್ಷದೊಳಗಿನ ಮಕ್ಕಳಿಗೆ ಬೆಲ್ಟ್ ಅಥವಾ ಮಕ್ಕಳ ಸೀಟು ಇರಲೇಬೇಕು, ಇಲ್ಲದಿದ್ದರೆ 1,000 ರೂಪಾಯಿ ದಂಡ ಎನ್ನುತ್ತದೆ.

ಕೊನೆಯ ಪರೀಕ್ಷೆ ಮನೆಯ ಮಕ್ಕಳದೇ ಆಗಲಿ. ಒಂದೊಂದು ಜಾಗದಲ್ಲೂ ಕೂತು, ಬೆಲ್ಟ್ ಎಳೆದು, ‘ಟಕ್’ ಎನ್ನುವ ಶಬ್ದ ಕೇಳಿ, ಜಗ್ಗಿ ನೋಡಿ, ಚೀಟಿಯಲ್ಲಿ ಗುರುತು ಹಾಕಲಿ. ಎಲ್ಲ ಜಾಗಕ್ಕೂ ಗುರುತು ಬಿದ್ದ ಮೇಲೆ ಹೂವು, ಕುಂಕುಮ, ನಿಂಬೆಹಣ್ಣು.