ಏರೋಸ್ಪೇಸ್ ಓದಲು ಯಾವ ದೇಶ?

ಕೊರಟಗೆರೆಗೆ ಅಷ್ಟೇನೂ ದೂರವಲ್ಲದ ಗುಬ್ಬಿ ತಾಲ್ಲೂಕಿನಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರವರಿಯಲ್ಲಿ ಉದ್ಘಾಟನೆಯಾಯಿತು. ಅಂದಮೇಲೆ ಪಿಯುಸಿ ವಿಜ್ಞಾನದ ಮಕ್ಕಳು ಏರೋಸ್ಪೇಸ್ ಕನಸು ಕಂಡರೆ ಆಶ್ಚರ್ಯವಿಲ್ಲ. ತೊಡಕು ಶುರುವಾಗುವುದು ‘ಅಮೆರಿಕಕ್ಕೇ ಕಳಿಸಪ್ಪಾ’ ಎಂದಾಗ. ಅಡಿಕೆ ತೋಟದ ಪಹಣಿ ಬ್ಯಾಂಕಿನ ಮೇಜಿಗೆ ಹೋಗುವ ಮೊದಲು ಒಂದು ಹಳೆಯ ಉದಾಹರಣೆಯನ್ನು ನೋಡಬಹುದು.

ಪಾವಗಡದಾಚೆ ಆಂಧ್ರದಲ್ಲಿರುವ ರೊದ್ದಂ ಊರಿನ ಹೆಸರನ್ನು ಹೊತ್ತವರು ವಿಜ್ಞಾನಿ ರೊದ್ದಂ ನರಸಿಂಹ (1933–2020). ತಂದೆ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರದ ಮೇಷ್ಟ್ರು, ಕನ್ನಡದಲ್ಲಿ ವಿಜ್ಞಾನ ಬರೆದವರು. ಮಗ 1953ರಲ್ಲಿ ಬೆಂಗಳೂರಿನಲ್ಲೇ ಬಿಇ ಮುಗಿಸಿದರು. ಅದೂ ಮೆಕ್ಯಾನಿಕಲ್! ಆಮೇಲೆ ಟಾಟಾ ಇನ್‌ಸ್ಟಿಟ್ಯೂಟಿನ ಏರೋನಾಟಿಕಲ್ ವಿಭಾಗ ಸೇರಿ ಸತೀಶ್ ಧವನ್ ಅವರ ಬಳಿ ಸಂಶೋಧನೆ ಮಾಡಿದರು. ಧವನ್ ಅಮೆರಿಕದ ಕ್ಯಾಲ್‌ಟೆಕ್‌ನಲ್ಲಿ ಹಾನ್ಸ್ ಲೀಪ್‌ಮನ್ ಅವರ ಶಿಷ್ಯರಾಗಿದ್ದವರು. ನರಸಿಂಹ ಅವರೂ ಅದೇ ಲೀಪ್‌ಮನ್ ಬಳಿಗೆ ಹೋಗಿ 1961ರಲ್ಲಿ ಪಿಎಚ್‌ಡಿ ಪಡೆದರು, ಮರುವರ್ಷ ಬೆಂಗಳೂರಿಗೆ ವಾಪಸಾದರು. ಅವರು ಹುಡುಕಿ ಹೋದದ್ದು ಗುರುವನ್ನು. ದೇಶ ಅದರ ಹಿಂದೆ ಬಂತು.

ಹಾಗಾದರೆ ಈಗ? ಅಮೆರಿಕದಲ್ಲಿ ರಾಕೆಟ್ ಹಾಗೂ ರಕ್ಷಣಾ ತಂತ್ರಜ್ಞಾನಕ್ಕೆ ‘ಐಟಾರ್’ ಎಂಬ ರಫ್ತು ನಿರ್ಬಂಧದ ಕಟ್ಟಳೆಗಳಿವೆ. ಅವುಗಳ ಪ್ರಕಾರ ವಿದೇಶೀಯನಿಗೆ ತಾಂತ್ರಿಕ ನಕ್ಷೆ ತೋರಿಸುವುದೂ ರಫ್ತೇ. ಆದ್ದರಿಂದ ಅಲ್ಲಿನ ಎಷ್ಟೋ ಉದ್ಯೋಗಗಳು ಪ್ರಜೆಗಳಿಗೆ, ಗ್ರೀನ್ ಕಾರ್ಡ್ ಉಳ್ಳವರಿಗೆ ಮಾತ್ರ. ಕೆಲವು ಪ್ರಯೋಗಾಲಯಗಳ ಬಾಗಿಲೂ ತೆರೆಯುವುದಿಲ್ಲ. ಡಿಗ್ರಿ ಸಿಕ್ಕೀತು, ಸಾಲ ತೀರಿಸುವ ಕೆಲಸ ಸಿಗದಿರಬಹುದು. ಏಜೆಂಟರ ಬಣ್ಣದ ಪುಸ್ತಿಕೆಯಲ್ಲಿ ಈ ಪುಟ ಇರುವುದು ಅಪರೂಪ.

‘ಜರ್ಮನಿಯಲ್ಲಿ ಫೀಸೇ ಇಲ್ಲ’ ಎಂಬುದೂ ಅರ್ಧ ಸತ್ಯ. ಏರೋಸ್ಪೇಸ್‌ಗೆ ಹೆಸರಾದ ಸ್ಟುಟ್‌ಗಾರ್ಟ್ ಇರುವ ರಾಜ್ಯದಲ್ಲಿ 2017ರಿಂದ ಯೂರೋಪ್ ಒಕ್ಕೂಟದ ಹೊರಗಿನವರಿಗೆ ಸೆಮಿಸ್ಟರಿಗೆ 1,500 ಯೂರೋ ಶುಲ್ಕ ಗೊತ್ತುಮಾಡಿದರು. ಮ್ಯೂನಿಕ್‌ನ ತಾಂತ್ರಿಕ ವಿಶ್ವವಿದ್ಯಾಲಯವೂ ಶುಲ್ಕ ವಿಧಿಸತೊಡಗಿದೆ. ಊಟ, ವಸತಿ ಬೇರೆ.

ಮೊದಲ ಡಿಗ್ರಿ ಇಲ್ಲೇ ಆಗಲಿ. ತಿರುವನಂತಪುರದಲ್ಲಿ ಬಾಹ್ಯಾಕಾಶ ಇಲಾಖೆಯ ಐಐಎಸ್‌ಟಿ 2007ರಿಂದ ಇದೆ. ಮೆಕ್ಯಾನಿಕಲ್ ಓದಿದವರಿಗೂ ‘ಗೇಟ್’ ಪರೀಕ್ಷೆಯ ಮೂಲಕ ಟಾಟಾ ಇನ್‌ಸ್ಟಿಟ್ಯೂಟಿನ ದಾರಿಯುಂಟು. ಆನಂತರವೂ ಹೊರಗೆ ಹೋಗುವ ಹಂಬಲವಿದ್ದರೆ, ಆ ವಿಶ್ವವಿದ್ಯಾಲಯಕ್ಕೆ ಮೊದಲೇ ಪತ್ರ ಬರೆದು ಎರಡು ಸಂಗತಿ ಕೇಳಬೇಕು: ಭಾರತದ ವಿದ್ಯಾರ್ಥಿಗೆ ಯಾವ ಪ್ರಯೋಗಾಲಯದಲ್ಲಿ ಪ್ರವೇಶವಿಲ್ಲ? ಹಿಂದಿನ ಭಾರತೀಯ ವಿದ್ಯಾರ್ಥಿಗಳು ಈಗ ಎಲ್ಲಿ ಕೆಲಸದಲ್ಲಿದ್ದಾರೆ? ಉತ್ತರ ಬರುವತನಕ ಪಹಣಿ ಟ್ರಂಕಿನಲ್ಲಿರಲಿ.